ಮೂರು ಡಯೋಡಿನ ಮುನಿಸು

ಬೀದಿಯವರೆಲ್ಲ ಅವಳನ್ನು ಬೆಸುಗೆ ಅಕ್ಕ ಅಂತಲೇ ಕರೆಯುತ್ತಿದ್ದರು. ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಕೈ ಪಳಗಿಸಿಕೊಂಡವಳು. ಕಾರ್ಖಾನೆ ಮುಚ್ಚಿದ ಮೇಲೆ ವಾದ್ಯದಂಗಡಿಗಳ ಬೀದಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯೊಂದನ್ನು ಹಿಡಿದು ರಿಪೇರಿಗೆ ಕೂತಳು. ನೆಟ್ಟಗೆ ನಿಂತರೆ ತಲೆ ಸೂರಿಗೆ ತಾಗುವ ಕೋಣೆ. ಅಪ್ಪ ಅಮ್ಮ ಬೇಗ ಹೋಗಿದ್ದರು, ಮದುವೆಯ ಯೋಚನೆ ಅವಳು ಮಾಡಲಿಲ್ಲ. ಇದ್ದವನು ಒಬ್ಬ ತಮ್ಮ. ಅವನನ್ನು ಸಾಕಿದವಳೂ ಇವಳೇ, ಬೈದವಳೂ ಇವಳೇ.

ತಮ್ಮ ಗಿಟಾರ್ ನುಡಿಸುತ್ತಿದ್ದ. ಗಿಟಾರಿನವರು ಕಾಲ ಬಳಿ ಪೆಡಲ್ ಅನ್ನುವ ಪುಟ್ಟ ಡಬ್ಬಿ ಇಟ್ಟುಕೊಳ್ಳುತ್ತಾರೆ. ತುಳಿದರೆ ನಾದದ ಬಣ್ಣವೇ ಬೇರೆಯಾಗುತ್ತದೆ. ಅಂಥದ್ದೊಂದನ್ನು ತಮ್ಮನಿಗಾಗಿ ಮಾಡಲು ಅಕ್ಕ ತಿಂಗಳುಗಟ್ಟಲೆ ತಿಣುಕಿದಳು. ಏನು ಮಾಡಿದರೂ ಸದ್ದು ತಗಡು ಕೆರೆದ ಹಾಗೇ ಬರುತ್ತಿತ್ತು. ಸದ್ದಿನ ತುದಿ ಕತ್ತರಿಸಿ ಒರಟು ಮಾಡುವ ಡಯೋಡುಗಳನ್ನು ಎದುರುಬದುರಾಗಿ ಒಂದೊಂದು ಹಾಕಿದ್ದಳು. ಒಂದು ದಿನ ಏನನ್ನಿಸಿತೋ, ಈ ಕಡೆ ಒಂದು, ಆ ಕಡೆ ಎರಡು ಕೂರಿಸಿದಳು. ತಮ್ಮ ತಂತಿ ಮೀಟಿದವನೇ ಹಾಗೇ ಕೂತುಬಿಟ್ಟ. ಗದರುವ ಸದ್ದಿನೊಳಗೆ ಮನುಷ್ಯನ ಗಂಟಲು ಕೇಳಿದಂತಿತ್ತು.

"ಇದು ನನ್ನದು ಕಣೋ," ಅಂದಳು ಅಕ್ಕ.

ಹೆತ್ತವರಿಗೆ ಹೆಗ್ಗಣ ಮುದ್ದು. ಆ ಡಬ್ಬಿಯನ್ನು ಅವಳು ದಿನಕ್ಕೊಂದು ಸಲವಾದರೂ ಸೆರಗಿನಿಂದ ಒರೆಸುತ್ತಿದ್ದಳು. ತಮ್ಮನ ಸದ್ದು ಕೇಳಿದವರು ತಮಗೂ ಬೇಕೆಂದು ಬಂದರು. ಅವರಿಗೆ ಮಾಡಿಕೊಟ್ಟವಕ್ಕೆಲ್ಲ ಸರ್ಕ್ಯೂಟಿನ ಮೇಲೆ ಕಪ್ಪು ಅಂಟು ಸುರಿದು ಮುಚ್ಚಿದಳು, ಯಾರೂ ಬಿಚ್ಚಿ ನಕಲು ಮಾಡಬಾರದೆಂದು. ತಮ್ಮನದಕ್ಕೆ ಮಾತ್ರ ಅಂಟು ಹಾಕಲಿಲ್ಲ. ಮನೆಯವನ ಮುಂದೆ ಎಂಥ ಬೀಗ?

ವರ್ಷ ಕಳೆಯುವುದರೊಳಗೆ ಎದುರಿನ ದೊಡ್ಡ ಅಂಗಡಿಯಲ್ಲಿ ಕೆಂಪು ಬಣ್ಣದ ಹೊಸ ಪೆಡಲ್ ಬಂತು. ಸದ್ದು ಅದೇ. ಅಕ್ಕ ಒಂದನ್ನು ತಂದು ಬಿಚ್ಚಿದಳು: ಈ ಕಡೆ ಒಂದು, ಆ ಕಡೆ ಎರಡು. ತಮ್ಮ ಆ ಅಂಗಡಿಯಲ್ಲಿ ಹರಟೆ ಹೊಡೆಯುತ್ತ ಕೂರುವುದನ್ನು ಅವಳೇ ಕಂಡಿದ್ದಳು. ಅವನು ಬಂದದ್ದೇ ತಡ, ಉಪ್ಪು ತಿಂದ ಮನೆಗೆ ಎರಡು ಬಗೆದೆ ಅಂದಳು. ನಾನು ಕೊಡಲಿಲ್ಲ ಅಂದ ಅವನು. ಹಾಗಾದರೆ ಡಬ್ಬಿಗೆ ಕಾಲು ಬಂದು ತಾನೇ ನಡೆದುಹೋಯಿತಾ ಅಂತ ಕೇಳಿದಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಪೆಡಲನ್ನು ಮೇಜಿನ ಮೇಲಿಟ್ಟು ಹೋದ. ಆಮೇಲೆ ತನ್ನ ಮದುವೆಗೆ ಕರೆಯಲು ಗೆಳೆಯನನ್ನು ಕಳಿಸಿದ. ಅಕ್ಕ ಬಾಗಿಲಲ್ಲೇ ಮಾತಾಡಿಸಿ ಅವನನ್ನು ಸಾಗಹಾಕಿದಳು.

ಅವಳ ಕೂದಲು ಬೆಳ್ಳಗಾಗುವ ಹೊತ್ತಿಗೆ, ಬ್ಯಾಂಡಿನಿಂದ ನಿವೃತ್ತನಾದ ಮುದುಕನೊಬ್ಬ ತನ್ನ ಹಳೇ ಪೆಡಲನ್ನು ರಿಪೇರಿಗೆ ತಂದ. ಅಕ್ಕ ಬೆಸುಗೆ ಕಲಿಯುವುದಕ್ಕೂ ಮುಂಚಿನದು. ತಳ ಬಿಚ್ಚಿದರೆ ಈ ಕಡೆ ಒಂದು, ಆ ಕಡೆ ಎರಡು. ಇದನ್ನು ಹೀಗೆ ಮಾಡಿದವರು ಯಾರು ಅಂತ ಕೇಳಿದಳು.

"ಯಾರು ಮಾಡಲಿಲ್ಲ ಕೇಳಮ್ಮ," ಅಂದ ಮುದುಕ. "ಈ ಡಬ್ಬಿಗಳಿಗೆಲ್ಲ ಮೂಲ ಅಂತ ಇರೋದು ನಾಲ್ಕೋ ಐದೋ. ಮಿಕ್ಕಿದ್ದೆಲ್ಲ ಅವುಗಳ ಸಂತಾನ. ಒಬ್ಬ ಒಂದು ಬಿಡಿಭಾಗ ಬದಲಾಯಿಸ್ತಾನೆ, ಇನ್ನೊಬ್ಬ ಬಣ್ಣ ಬಳೀತಾನೆ, ಹೊಸ ಹೆಸರಿಡ್ತಾನೆ."

ಆ ಪೆಡಲ್ ಸರಿಮಾಡುವಷ್ಟರಲ್ಲಿ ಅವಳು ಎರಡು ಸಲ ಬೆರಳು ಸುಟ್ಟುಕೊಂಡಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲವೆಂದು ಗೊತ್ತಿದ್ದೂ ಮರುದಿನ ತಮ್ಮನ ಮನೆ ಹುಡುಕಿಕೊಂಡು ಹೋದಳು. ಬಾಗಿಲು ತೆಗೆದ ಹುಡುಗಿಗೆ ತಮ್ಮನದೇ ಮೂಗು, ತಮ್ಮನದೇ ಹುಬ್ಬು. "ಯಾರು ಬೇಕಿತ್ತು?" ಅಂತ ಕೇಳಿತು ಮಗು. ಅತ್ತೆ ಅನ್ನುವ ಮಾತು ಅಕ್ಕನ ಬಾಯಿಗೆ ಬರಲಿಲ್ಲ.

ತಮ್ಮ ಒಳಗಿನಿಂದ ಬಂದ. "ಬನ್ನಿ ಅಕ್ಕ, ಕೂತ್ಕೊಳ್ಳಿ," ಅಂದ. ಹುಟ್ಟಿದಾಗಿನಿಂದ ಅವಳನ್ನು ನೀನು ಅಂದವನು.

ಗೋಡೆಯ ಮೇಲೆ ಗಿಟಾರ್ ಇರಲಿಲ್ಲ. ಅವನು ಶಾಲೆಯ ವ್ಯಾನು ಓಡಿಸುತ್ತಿದ್ದ. ನುಡಿಸುವುದು ಬಿಟ್ಟು ಬಹಳ ಕಾಲವಾಯಿತಂತೆ. ಅಕ್ಕ ಮುದುಕನ ಪೆಡಲಿನ ಸಂಗತಿ ಹೇಳಿದಳು. ಅವನಿಗೆ ಅಚ್ಚರಿಯಾದಂತೆ ಕಾಣಲಿಲ್ಲ.

"ನನಗೆ ಗೊತ್ತಿತ್ತು. ನೀವು ಬೈಯೋಕೆ ಮುಂಚೇನೇ ಆ ಅಂಗಡಿಯೋರು ಅಂಥದ್ದೇ ಒಂದು ಹಳೇ ಪೆಡಲನ್ನ ಬಿಚ್ಚಿ ತೋರಿಸಿದ್ರು."

"ಹೇಳಬಾರದಿತ್ತೇನೋ?"

"ಹುಟ್ಟಿದಾಗಿಂದ ನೀವು ಯಾವುದನ್ನೂ ನನ್ನದು ಅಂದಿರಲಿಲ್ಲ. ಅಂದಿದ್ದು ಅದೊಂದನ್ನೇ. ಅದನ್ನೂ ನಾನು ಹೇಗೆ ಕಿತ್ಕೊಳ್ಳಲಿ?"

ಅಕ್ಕ ತಪ್ಪಾಯ್ತು ಕಣೋ ಅಂದಳು. ಬಿಡಿ ಅಂದ ಅವನು, ನಿಜವಾಗಿಯೂ ಬಿಟ್ಟವನಂತೆಯೇ.

ಈಗ ರಜೆಯಿದ್ದಾಗಲೆಲ್ಲ ಅವಳು ಅಲ್ಲಿಗೆ ಹೋಗುತ್ತಾಳೆ. ಹುಡುಗಿ ಅತ್ತೆ ಅನ್ನುತ್ತದೆ, ತಮ್ಮನ ಹೆಂಡತಿ ತಟ್ಟೆ ತುಂಬ ಬಡಿಸುತ್ತಾಳೆ. ಒಮ್ಮೆ ಅಕ್ಕ ತಡೆಯಲಾರದೆ, ಮೊದಲಿನ ಹಾಗೆ ನೀನು ಅನ್ನೋ ಅಂತ ಕೇಳಿದಳು. ಆಯ್ತಕ್ಕ ಅಂತ ಅವನು ನಕ್ಕ. ಪ್ರಯತ್ನವನ್ನೂ ಮಾಡಿದ, ಪಾಪ. ಮರುಗಳಿಗೆ ಅಡುಗೆಮನೆಯಿಂದ ಇಣುಕಿ, "ನೀವು ಟೀ ಕುಡೀತೀರಾ?" ಅಂದ.