ಮೂರನೆಯ ಸಲದ ಕಪ್

ಜಿಲ್ಲೆಯ ಫುಟ್ಬಾಲ್ ಕಪ್ ಎರಡು ವರ್ಷ ನಮ್ಮ ಮನೆಯ ಅಕ್ಕಿಪೆಟ್ಟಿಗೆಯ ಮೇಲೆ ಇತ್ತು. ಗೆದ್ದ ತಂಡ ಅದನ್ನು ಒಂದು ವರ್ಷ ಇಟ್ಟುಕೊಂಡು ಮಂಗಳೂರಿಗೆ ಮರಳಿಸಬೇಕು. ಸಾಲಾಗಿ ಮೂರು ಸಲ ಗೆದ್ದರೆ ಕಪ್ ಅವರದೇ. ಆಗ ಕಾಸರಗೋಡೂ ಮಂಗಳೂರಿನ ಜಿಲ್ಲೆಯಲ್ಲೇ ಇತ್ತು. ನಮ್ಮ ಕಾಸರಗೋಡಿನ ತಂಡಕ್ಕೆ ಅಣ್ಣ ಕ್ಯಾಪ್ಟನ್, ನಾನು ಬ್ಯಾಕ್. ಆಡುತ್ತಿದ್ದದ್ದು ಬರಿಗಾಲಲ್ಲಿ. ಎರಡು ಸಲ ಗೆದ್ದಾಗಿತ್ತು, ಅಣ್ಣನಿಗೆ ಮೂರನೆಯ ಸಲದ ಹುಚ್ಚು ಹಿಡಿದಿತ್ತು. ಅಮ್ಮನೋ, ಆ ಹಿತ್ತಾಳೆಯ ಕಪ್ಪನ್ನು ಹುಣಸೆಹುಳಿ ಹಾಕಿ ತಿಕ್ಕಿದ್ದೇ ತಿಕ್ಕಿದ್ದು. ದೇವರ ದೀಪವನ್ನೂ ಅಷ್ಟು ತಿಕ್ಕಿದವಳಲ್ಲ.

ಅಷ್ಟರಲ್ಲಿ ರಾಜ್ಯಗಳ ಗಡಿ ಬದಲಾಯಿತು. ನಾವು ಇದ್ದಲ್ಲೇ ಇದ್ದೆವು, ಕಾಸರಗೋಡು ಕೇರಳಕ್ಕೆ ಹೋಯಿತು. ಅದು ಹೇಗೆಂದು ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಪಂದ್ಯ ನಡೆಸುವವರೊಬ್ಬರು ಮಂಗಳೂರಿನಿಂದ ಬಂದರು, ಚಹಾ ಕುಡಿದರು, ಲೋಟ ಕೆಳಗಿಟ್ಟ ಮೇಲೆ ಬಾಯಿಬಿಟ್ಟರು.

“ಈ ಸಲ ನಮ್ಮ ಜಿಲ್ಲೆಯ ತಂಡಗಳಿಗೆ ಮಾತ್ರ. ನೀವು ಈಗ ಬೇರೆ ರಾಜ್ಯ ಅಲ್ವಾ ಮಾರಾಯ್ರೆ. ಕಪ್ ತಂದು ಕೊಡಿ.”

“ತಂಡ ಬೇಡ, ಕಪ್ ಬೇಕು. ಇದು ಎಂತ ನ್ಯಾಯ?” ಅಂದೆ.

“ನನಗೂ ಗೊತ್ತಿಲ್ಲ,” ಅಂದರು. ಪಾಪ, ಅವರ ಮುಖ ನೋಡಿದರೆ ಸುಳ್ಳು ಅನಿಸಲಿಲ್ಲ.

ಫೈನಲ್ ದಿನ ಅಣ್ಣನೂ ನಾನೂ ಕಪ್ಪನ್ನು ಅಣ್ಣನ ಹೆಗಲ ಬೈರಾಸಿನಲ್ಲಿ ಸುತ್ತಿ ರೈಲು ಹತ್ತಿದೆವು. ಅಲ್ಲಿ ಇನ್ನೊಂದು ಗೊಂದಲ ಕಾದಿತ್ತು. ಆ ಪಂದ್ಯದಲ್ಲಿ ಪ್ರತಿ ತಂಡವೂ ಜಿಲ್ಲೆಯ ಹೊರಗಿನ ಒಬ್ಬನನ್ನು ‘ಗೆಸ್ಟ್’ ಎಂದು ಆಡಿಸುವ ಪದ್ಧತಿ ಇತ್ತು. ಹಿಂದಿನ ವರ್ಷ ನಮ್ಮೆದುರು ಸೋತು ಈ ಸಲವೂ ಫೈನಲಿಗೆ ಬಂದಿದ್ದ ಮಂಗಳೂರಿನ ತಂಡದವರು ಬಂದು ಅಣ್ಣನ ಕೈ ಹಿಡಿದುಕೊಂಡರು.

“ನೀವು ಈಗ ಹೊರಗಿನವರಲ್ವಾ? ನಮ್ಮ ಗೆಸ್ಟ್ ಆಗಿ ಆಡಿ.”

ಅಣ್ಣ ನನ್ನ ಮುಖ ನೋಡಿದ. “ಎಂತ ಮಾಡುವುದು?”

ಅತ್ತ ದರಿ, ಇತ್ತ ಪುಲಿ. ಆಡು ಅಂದರೆ ನಾವು ಹೊರಗಿನವರೆಂದು ಒಪ್ಪಿದ ಹಾಗೆ. ಬೇಡ ಅಂದರೆ, ಆಟಕ್ಕೆಂದೇ ವರ್ಷವಿಡೀ ಕಾದ ಅವನ ಕಾಲು ಕೇಳಬೇಕಲ್ಲ.

“ಬಂದದ್ದಾಯ್ತು, ಆಡು,” ಅಂದೆ.

ಇಡೀ ಪಂದ್ಯದಲ್ಲಿ ಬಿದ್ದದ್ದು ಒಂದೇ ಗೋಲು, ಅದು ಅಣ್ಣನದು. ಗೆರೆಯ ಹೊರಗೆ ನಿಂತ ನನಗೆ ಚಪ್ಪಾಳೆ ಹೊಡೆಯಬೇಕೋ ಅಳಬೇಕೋ ತಿಳಿಯಲಿಲ್ಲ, ಎರಡೂ ಮಾಡಿದೆ. ಕಪ್ಪನ್ನು ಆ ತಂಡದವರು ಹೆಗಲ ಮೇಲೆ ಹೊತ್ತುಕೊಂಡು ಹೋದರು.

ಮನೆಯಲ್ಲಿ ಅಮ್ಮ ಜಗಲಿಗೆ ಬಂದು ಅಣ್ಣನನ್ನು ಕೇಳಿದಳು. “ಆಡ್ಲಿಕ್ಕೆ ಬಿಟ್ರಾ?”

“ಬಿಟ್ಟರು.”

“ಗೆದ್ದ್ಯಾ?”

“ಗೆದ್ದೆ.”

ಅವಳ ಮುಖ ಅರಳಿತು. “ಹಾಗಾದ್ರೆ ಮೂರು ಸಲ ಆಯ್ತಲ್ಲ ಮಗಾ. ಕಪ್ ಎಲ್ಲಿ?”

ಅಣ್ಣ ಖಾಲಿ ಬೈರಾಸನ್ನು ಹೆಗಲಿಗೆ ಹಾಕಿಕೊಂಡು ಕಾಲು ತೊಳೆಯಲು ಬಾವಿಕಟ್ಟೆಯ ಕಡೆಗೆ ಹೋದ. ಅಮ್ಮ ನನ್ನತ್ತ ತಿರುಗಿ ಅದನ್ನೇ ಮತ್ತೆ ಕೇಳಿದಳು.