ಘಟ್ಟದವರ ಬಾಣಂತನ

ಬೆಳಗಾದರೆ ಸರಸ್ವತಿಪುರಂನ ಆ ಅಡ್ಡರಸ್ತೆಯಲ್ಲಿ ಮೊದಲು ಕೇಳುವುದು ಟ್ಯುಟೋರಿಯಲ್‌ನ ಕಬ್ಬಿಣದ ಶಟರ್ ಮೇಲೇಳುವ ಸದ್ದು. ಆ ಗಲಾಟೆಯಲ್ಲಿ ಯಾರಿಗೂ ಕೇಳಿಸದು ಎಂದುಕೊಂಡೋ ಏನೋ, ಏಳು ತಿಂಗಳ ಬಸುರಿ ಮೈತ್ರೇಯಿ ಹಿತ್ತಲಲ್ಲಿ ನಿಂತು ಪುತ್ತೂರಿನ ದೊಡ್ಡಮ್ಮನಿಗೆ ಫೋನು ಮಾಡಿದಳು. ಅಡುಗೆಮನೆಯ ಕಿಟಕಿಯಲ್ಲಿದ್ದ ಅತ್ತೆ ಶಾರದಮ್ಮನಿಗೆ ಸೊಸೆಯ ಕರಾವಳಿ ಕಡೆಯ ಮಾತು ಪೂರ್ತಿ ತಿಳಿಯಲಿಲ್ಲ. ತಿಳಿದದ್ದಿಷ್ಟು: ಘಟ್ಟದವರ ಬಾಣಂತನವೆಂದರೆ ಹೆದರಿಕೆ, ಭಾನುವಾರ ಕಾರು ಕಳಿಸಿ ಕರೆಸಿಕೊಳ್ಳಬೇಕು.

ತಾಯಿಯಿಲ್ಲದ ಸೊಸೆಯ ಬಾಣಂತನ ತಾವೇ ಮಾಡಬೇಕೆಂದು ಶಾರದಮ್ಮ ಮಗನ ಮದುವೆಯಾದ ವರ್ಷದಿಂದಲೇ ಹಳೆಯ ಹತ್ತಿಸೀರೆಗಳನ್ನು ಒಗೆದು ಎತ್ತಿಟ್ಟಿದ್ದರು. ಈಗ ಆ ಪದವೂ ಕಾಡಿತು. ಹುಟ್ಟಿದಾಗಿನಿಂದ ಮೈಸೂರಿನಲ್ಲಿದ್ದವರು. ಊರಿಗೊಂದು ಬೆಟ್ಟವಿದೆ, ಸರಿ. ಘಟ್ಟ ಎಲ್ಲಿಂದ ಬಂತು?

ಪಕ್ಕದ ಮನೆಯ ಕೃಷ್ಣಸ್ವಾಮಿಯವರು ಮಂಗಳೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡಿ ಬಂದವರು. ಕರಾವಳಿಯವರಿಗೆ ಘಟ್ಟದ ಮೇಲಿರುವವರೆಲ್ಲ ಘಟ್ಟದವರೇ ಎಂದರು. ಎತ್ತಿನ ಮೇಲೆ ಹೇರು ಹೊರಿಸಿಕೊಂಡು ಇಳಿದು ಬರುತ್ತಿದ್ದ ವ್ಯಾಪಾರಿಗಳಿಗೆ ಇಟ್ಟ ಹೆಸರಿರಬೇಕಂತೆ. ಈಗ ಮೈಸೂರೋ ಬಳ್ಳಾರಿಯೋ, ಅವರಿಗೆ ಭೇದವಿಲ್ಲವಂತೆ. ತಮ್ಮನ್ನು ಬಹಳ ಮೆಚ್ಚಿದಾಗ, ನೀವು ಘಟ್ಟದವರ ಹಾಗೆ ಕಾಣುವುದಿಲ್ಲ ಎನ್ನುತ್ತಿದ್ದರಂತೆ.

ಪುತ್ತೂರಿನ ಸೊಸೆಯನ್ನು ಬೀದಿಗೆಲ್ಲ ಮಂಗಳೂರಿನವಳು ಎಂದು ಪರಿಚಯಿಸಿದ್ದು ಶಾರದಮ್ಮನೇ. ಹಾಗಾಗಿ ಪದದ ಮೇಲಿನ ಸಿಟ್ಟನ್ನು ಅಲ್ಲಿಗೇ ಬಿಟ್ಟರು. ಬಾಣಂತನದ ಮಾತು ಉಳಿಯಿತು.

ಮಧ್ಯಾಹ್ನ ಬಡಿಸುತ್ತಾ ಕೇಳಿದರು. "ಘಟ್ಟದವರು ಅಂದ್ರೆ ನಿಂಗೇನಮ್ಮ ಭಯ?"

ಮೈತ್ರೇಯಿ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. "ಬೈದದ್ದಲ್ಲ ಅತ್ತೆ. ನಮ್ಮಲ್ಲಿ ಹಾಗೆ ಹೇಳುದು, ಅಷ್ಟೆ."

"ಪದ ಇರ್ಲಿ ಬಿಡು. ಭಯ ಯಾಕೆ, ಅದನ್ನ ಹೇಳು."

"ನಿಮ್ಮಲ್ಲಿ ಬಾಣಂತಿಗೆ ನೀರು ಕೊಡುದಿಲ್ಲ ಅಂತಾರೆ."

ಅದು ಸುಳ್ಳಲ್ಲ. ಮಗ ವಾಗೀಶ ಹುಟ್ಟಿದಾಗ ಶಾರದಮ್ಮ ಹಲ್ಲುಜ್ಜುವ ನೆಪದಲ್ಲಿ, ಮುಕ್ಕಳಿಸುವ ನೀರನ್ನೇ ನುಂಗಿದ್ದರು. ಯಾರಿಗೂ ಹೇಳಿರದ ಅದನ್ನು ಈಗ ಸೊಸೆಗೆ ಹೇಳಿದರು. "ನೀನು ಕೇಳ್ದಾಗೆಲ್ಲ ಕೊಡ್ತೀನಿ ಕಣಮ್ಮ. ಕಾಯಿಸಿ ಕೊಡ್ತೀನಿ."

ಮೈತ್ರೇಯಿ ಬಹಳ ಹೊತ್ತು ಅನ್ನ ಕಲೆಸಿದಳು. ಕೊನೆಗೆ, ಕಾರು ಬೇಡವೆಂದು ದೊಡ್ಡಮ್ಮನಿಗೆ ಹೇಳುತ್ತೇನೆ ಎಂದಳು; ಬೇಕಿದ್ದರೆ ಅವರೇ ಬಂದು ನೋಡಿಕೊಂಡು ಹೋಗಲಿ.

"ಬರ್ಲಿ, ಅವ್ರೂ ಒಂದ್ಸಲ ಘಟ್ಟ ಹತ್ಲಿ. ಆದ್ರೆ ಮೆಣಸಿನ ಸಾರು ಮಾತ್ರ ನಮ್ಮ ಕಡೇದೇ. ಬೆಳ್ಳುಳ್ಳಿ ಬೇಡ ಅನ್ನೋ ಹಾಗಿಲ್ಲ, ತುಪ್ಪ ನಾನೇ ಕಾಯಿಸ್ಬೇಕು," ಎನ್ನುತ್ತಾ ಶಾರದಮ್ಮ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ನಡೆದರು, "ಇನ್ನು ಸಬ್ಬಸಿಗೆ ಸೊಪ್ಪು ಇದೆಯಲ್ಲ, ಅದನ್ನ ದಿನಾ ತಿನ್ಲೇಬೇಕು."