ಚುಕ್ಕಿ ಬೀಳದ ಕೋಣೆ

ಚಿತ್ರದುರ್ಗದ ಒಂದು ಗ್ರಂಥಾಲಯಕ್ಕೆ ನಾನು ವರ್ಷಗಳಿಂದ ಹೋಗುತ್ತಿದ್ದೇನೆ. ಅಲ್ಲಿ ನಾನು ಇಲ್ಲವೇ ಇಲ್ಲ ಎಂಬ ಸಂಗತಿ ಕಳೆದ ಬುಧವಾರ ತಿಳಿಯಿತು.

ಗ್ರಂಥಾಲಯ ಹೇಗಿರಬೇಕೆಂದು ಕಾಲೇಜು ವಿದ್ಯಾರ್ಥಿಗಳು ಅಲ್ಲಿ ಸಂಶೋಧನೆ ನಡೆಸಿದ್ದಾರೆ. ವಿಧಾನದ ಹೆಸರು ಡಿಸೈನ್ ಥಿಂಕಿಂಗ್. ಮೊದಲು ಒಂದು ವಾರ ಓದುಗರನ್ನು ಗಮನಿಸುವುದು, ಅವರ ಕಷ್ಟ ಅರಿಯುವುದು, ಆಮೇಲೆ ಪರಿಹಾರ ಯೋಚಿಸಿ ರಟ್ಟಿನ ಮಾದರಿ ಕಟ್ಟಿ ಅವರಿಗೇ ತೋರಿಸುವುದು. ಓದುಗನಿಂದಲೇ ಆರಂಭವಾಗುವ ವಿದ್ಯೆ. ಆಕ್ಷೇಪಿಸಲು ಏನಿದೆ? (ಇದೇ ಗ್ರಂಥಾಲಯದ ಬಾಗಿಲಲ್ಲಿ ನನ್ನ ಕೊಡೆ ಇಡಿಸಿಕೊಂಡು ಕಳೆದುಹಾಕಿದವರು ಇಂದಿಗೂ ವಿಷಾದ ಸೂಚಿಸಿಲ್ಲ. ಅದು ಬೇರೆ ಮಾತು.)

ಬುಧವಾರ ಅವರು ತೋರಿಸಿದ ಮಾದರಿಯಲ್ಲಿ ಗ್ರಂಥಾಲಯದ ಹಿಂಬದಿಯ ಕೋಣೆ ಇರಲಿಲ್ಲ. ಅದರ ಜಾಗದಲ್ಲಿ ಮೆತ್ತನೆಯ ಆಸನ, ಚಾರ್ಜಿಂಗ್ ಪಾಯಿಂಟ್.

ಆ ಕೋಣೆಯಲ್ಲಿ ಜಿಲ್ಲೆಯ ಹಳೆಯ ವಾರಪತ್ರಿಕೆಗಳ ಸಂಪುಟಗಳಿವೆ. ಐಮಂಗಲದ ಬಳಿ ಹೆದ್ದಾರಿ ಅಗಲವಾಗುವ ಮೊದಲು ಕುರಿಹಿಂಡುಗಳು ಸಾಗುತ್ತಿದ್ದ ದಾರಿಗಳ ಕುರಿತು ನಾನು ಬರೆಯುತ್ತಿರುವುದೆಲ್ಲ ಅವುಗಳ ಆಧಾರದಿಂದ. ಬೇರೆಲ್ಲಿಯೂ ನನಗೆ ಪ್ರತಿ ಸಿಕ್ಕಿಲ್ಲ.

"ಹಿಂದಿನ ಕೋಣೆ ಎಲ್ಲಮ್ಮ?" ಎಂದೆ.

ತಂಡದಲ್ಲಿದ್ದ ಹಿರಿಯೂರಿನ ಹುಡುಗಿಯೊಬ್ಬಳು ಗೋಡೆಯ ನಕ್ಷೆ ತೋರಿಸಿದಳು. ಓದುಗರು ಕುಳಿತಲ್ಲೆಲ್ಲ ಕೆಂಪು ಚುಕ್ಕಿ. "ನೋಡ್ರಿ ಸರ್, ಅಲ್ಲಿ ಒಂದು ಚುಕ್ಕಿನೂ ಬಿದ್ದಿಲ್ಲ. ಯಾರೂ ಬರಲ್ಲ."

"ನಾನು ಬರ್ತೀನಲ್ಲ?"

"ನಾವು ಗಮನಿಸಿದ ವಾರ ನೀವು ಬಂದಿಲ್ವಲ್ರಿ."

ಆ ವಾರ ನಾನು ಶ್ರೀರಾಂಪುರದ ತಂಗಿಯ ಮನೆಯಲ್ಲಿ ಜ್ವರದಿಂದ ಮಲಗಿದ್ದೆ. ಹಾಗೆಂದು ಹೇಳಿದೆ. ಅವಳ ಪಕ್ಕದ ಹುಡುಗ ನಕ್ಕ. "ಬಂದಿದ್ರೂ ಒಂದೇ ಚುಕ್ಕಿ ಸರ್. ಅಲ್ಲಿ ಧೂಳು ಬಿಟ್ಟು ಇನ್ನೇನೈತೆ?"

"ಆ ಧೂಳೊಳಗೆ ನಿಮ್ಮಜ್ಜನ ಊರೈತೆ ಕಣಪ್ಪ."

ಹುಡುಗಿ ಹಳದಿ ಚೀಟಿಯಲ್ಲಿ 'ಹಿರಿಯ ನಾಗರಿಕರು: ಭಾವನಾತ್ಮಕ ನಂಟು' ಎಂದು ಬರೆದು ಅಂಟಿಸಿದಳು. ಭಾವನೆಯಂತೆ. ನಾನು ಕೇಳಿದ್ದು ಪುಟಗಳನ್ನು.

ಸಂಪುಟಗಳು ಗೋಡೌನಿಗೆ ಹೋಗುತ್ತವಂತೆ. ಗೋಡೌನ್ ಎಂದರೆ ಗೆದ್ದಲು, ನಿಮಗೂ ಗೊತ್ತು.

ಅಂದಿನಿಂದ ನನಗೆ ಭಯ. ಹೊಸದುರ್ಗದ ಬಸ್ಸಿನಲ್ಲಿ ಖಾಲಿ ಸೀಟು ಕಂಡರೂ ಸುತ್ತ ಕಣ್ಣಾಡಿಸುತ್ತೇನೆ. ಇಂದೇ ಯಾರಾದರೂ ಎಣಿಸುತ್ತಿದ್ದರೆ? ಎಣಿಸುವವರು ಬಂದ ದಿನ ಹಾಸಿಗೆ ಹಿಡಿದವರ ಬಸ್ಸು ಏನಾಗುತ್ತದೆ? ಅಂದೇ ಮಕ್ಕಳಿಗೂ ಜ್ವರ ಬಂದರೆ ಅವರ ಶಾಲೆ?

ಈಗ ಗ್ರಂಥಾಲಯದ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತೇನೆ. ಕೆಮ್ಮು ಬಂದರೆ ನುಂಗಿಕೊಳ್ಳುತ್ತೇನೆ.

ನಿನ್ನೆ ಆ ಹುಡುಗಿಯೇ ಫೋನ್ ಮಾಡಿದಳು. ಸೋಮವಾರದಿಂದ ಇನ್ನೊಂದು ವಾರ ಗಮನಿಸುತ್ತಾರಂತೆ. ಅವಳೇ ಹಟ ಹಿಡಿದು ಒಪ್ಪಿಸಿದ್ದಾಳೆ. ಆಮೇಲೆ ದನಿ ತಗ್ಗಿಸಿ ಕೇಳಿದಳು: "ನೀವಲ್ದೆ ಇನ್ನೊಬ್ರು ಯಾರಾದ್ರೂ ಬರ್ತಾರೇನ್ರಿ ಸರ್?"

ವಿಚಾರಿಸಿ ಹೇಳುತ್ತೇನೆ ಎಂದೆ. ಸೋಮವಾರ ನೀವು ಬರುತ್ತೀರಾ?